ಅಮ್ಮನ ಸ್ಕ್ಯಾನಿಂಗಲ್ಲಿ "ಬ್ಲಾಡರ್ ವಾಲ್ ದಪ್ಪ, ಪಿವಿಆರ್ 140 ಸಿಸಿ" ಅಂತ ಬಂದಿದೆ, ಏನರ್ಥ?

ಬೇಲೂರಿನವಳು:

ಎಲ್ಲರಿಗೂ ನಮಸ್ಕಾರ, ಅಮ್ಮನ ವಿಷಯ ಕೇಳ್ಬೇಕಿತ್ತು, ಗೊತ್ತಿರೋರು ದಯವಿಟ್ಟು ಹೇಳಿ. ಅಮ್ಮಂಗೆ 58 ವರ್ಷ, ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು. ಮೂರು ಹೆರಿಗೆ, ಮೂರೂ ನಾರ್ಮಲ್. ಈಗೊಂದು ವರ್ಷದಿಂದ ಪದೇ ಪದೇ ಒಂದಕ್ಕೆ ಹೋಗ್ಬೇಕು ಅನ್ಸುತ್ತಂತೆ, ಹೋಗಿ ಬಂದ್ರೂ ಇನ್ನೂ ಒಳಗೆ ಉಳ್ಕೊಂಡಿದೆ ಅನ್ನೋ ಥರ ಇರುತ್ತಂತೆ, ಅವಸರ ಆದಾಗ ಬಾತ್ರೂಮ್ ಬಾಗಿಲು ಮುಟ್ಟೋದ್ರೊಳಗೆ ಸೀರೆ ಒದ್ದೆ. ನಮ್ ಹತ್ರ ಬಾಯೇ ಬಿಟ್ಟಿರ್ಲಿಲ್ಲ. ನೆಂಟರ ಮದುವೆಗೆ ಬಸ್ಸಲ್ಲಿ ಹೋಗೋಣ ಅಂದ್ರೆ ನಾನು ಬರಲ್ಲ ಅಂತ ಹಟ ಹಿಡಿದ್ರು, ಆಗ ಕೂರಿಸ್ಕೊಂಡು ಕೇಳಿದ್ಮೇಲೆ ಹೇಳಿದ್ದು.

ಇಲ್ಲಿನ ಡಾಕ್ಟ್ರು ಯೂರಿನ್ ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಕೊಟ್ರು, ಸ್ವಲ್ಪ ದಿನ ಕಮ್ಮಿ ಆದಂಗಿತ್ತು, ಮತ್ತೆ ಅದೇ ಕತೆ, ಇನ್ನೊಂದು ಕೋರ್ಸ್ ಬರೆದ್ರು. ಆಮೇಲೆ ಯೂರಿನ್ ಕಲ್ಚರ್ ಮಾಡ್ಸಿದ್ರೆ ಅದ್ರಲ್ಲಿ ಏನೂ ಬೆಳೆದಿಲ್ಲ. ಸರಿ ಅಂತ ಹೊಟ್ಟೆ ಸ್ಕ್ಯಾನಿಂಗ್‌ಗೆ ಕಳಿಸಿದ್ರು. ಕಿಡ್ನಿ ಎರಡೂ ಚೆನ್ನಾಗಿದೆ, ಕಲ್ಲಿಲ್ಲ, ಗರ್ಭಕೋಶಾನೂ ನಾರ್ಮಲ್. ಬ್ಲಾಡರ್ ಹತ್ರ ಮಾತ್ರ ವಾಲ್ ಸ್ವಲ್ಪ ದಪ್ಪ 5.4 ಎಂಎಂ, ಪೋಸ್ಟ್ ವಾಯ್ಡ್ 140 ಸಿಸಿ, ಸಿಸ್ಟೈಟಿಸ್ ಇರಬಹುದು ಅಂತ ಬರೆದಿದಾರೆ.

ಸಿಸ್ಟೈಟಿಸ್ ಅಂದ್ರೆ ಇನ್ಫೆಕ್ಷನ್ನೇ ಅಲ್ವಾ, ಕಲ್ಚರಲ್ಲಿ ಇಲ್ಲ ಅಂದ್ಮೇಲೆ ಸ್ಕ್ಯಾನಿಂಗಲ್ಲಿ ಹೆಂಗೆ ಬಂತು? 140 ಅಂದ್ರೆ ಜಾಸ್ತಿನಾ? ಇನ್ನೊಂದು, ಒಳಗಿಂದ ಮಾಡೋ ಸ್ಕ್ಯಾನಿಂಗೂ ಬೇಕಾಗ್ಬಹುದು ಅಂತ ಸೆಂಟರಲ್ಲಿ ಅಂದ್ರಂತೆ, ಅದನ್ನ ಕೇಳ್ದಾಗಿಂದ ಅಮ್ಮ ಆಸ್ಪತ್ರೆ ಕಡೆ ತಲೆನೇ ಹಾಕಲ್ಲ ಅಂತಿದಾರೆ. ಅದು ನಿಜವಾಗ್ಲೂ ಬೇಕಾ?

ಮಲೆನಾಡ ಅಕ್ಕ:

ತಂಗಿ, ಅಮ್ಮನ್ನ ಕೂರಿಸ್ಕೊಂಡು ಕೇಳಿದ್ಯಲ್ಲ, ಅದೇ ಅರ್ಧ ಕೆಲಸ ಆದಂಗೆ. ನಮ್ಮತ್ತೆ ಇದನ್ನ ಹೇಳ್ಕೊಳ್ಳದೇನೇ ಹೋಗ್ಬಿಟ್ರು, ಕೊನೆಕೊನೆಗೆ ನೀರು ಕುಡಿಯೋದನ್ನೇ ಬಿಟ್ಟಿದ್ರು ಪಾಪ.

ನಿನ್ನ ರಿಪೋರ್ಟ್ ಓದಿದ ತಕ್ಷಣ ನಂಗೆ ಅನ್ಸಿದ್ದು ಆ 140 ಹೆಂಗೆ ಬಂತು ಅಂತ ಮೊದಲು ಕೇಳು. ನಂಗೂ ಹಿಂಗೇ ಆಗಿತ್ತು. ನೀರು ಕುಡೀರಿ ಕುಡೀರಿ ಅಂತ ಕೌಂಟರಲ್ಲಿ ಹೇಳ್ತಾನೇ ಇದ್ರು, ಎದುರಿಗೆ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ ಅನ್ನೋ ಬೋರ್ಡು, ಅದರ ಕೆಳಗೆ ಬೆಂಚ್ ತುಂಬ ಬಸುರಿ ಹೆಣ್ಮಕ್ಕಳು, ನನ್ನ ಸರದಿ ಬರೋ ಹೊತ್ತಿಗೆ ಹೊಟ್ಟೆ ಒಡೆದು ಹೋಗುತ್ತೆ ಅನ್ನೋ ಹಂಗಾಗಿತ್ತು. ಅಷ್ಟು ತುಂಬಿಸ್ಕೊಂಡು ಹೋಗಿ ಕೂತ್ರೆ ಸರಿಯಾಗಿ ಬರಲೂ ಇಲ್ಲ. ಹೋಗಿ ಬಂದ್ಮೇಲೆ ತಿರ್ಗಾ ಕಾಯಿಸಿದ್ರು. ರಿಪೋರ್ಟಲ್ಲಿ ಉಳಿದಿರೋದು 200 ರ ಹತ್ರ ಅಂತ ಬಂತು, ನಾನು ಅಳೋದೊಂದು ಬಾಕಿ. ನಮ್ಮ ಲೇಡಿ ಡಾಕ್ಟ್ರು ನೋಡಿ, ಇದನ್ನ ನಂಬಲ್ಲ, ಜನ ಕಮ್ಮಿ ಇರೋ ಹೊತ್ತಲ್ಲಿ ಆರಾಮಾಗಿ ಹೋಗಿ ಮಾಡಿಸ್ಕೊಂಡು ಬನ್ನಿ ಅಂದ್ರು. ಎರಡನೇ ಸಲ 40 ಕೂಡ ಇರ್ಲಿಲ್ಲ. ನಿಮ್ಮಮ್ಮಂದೂ ಹಂಗೇ ಅಂತ ಹೇಳ್ತಿಲ್ಲ, ಶುಗರ್ ಬೇರೆ ಇದೆ, ಆದ್ರೆ ಕೇಳಿ ನೋಡು.

ದಾವಣಗೆರೆ ಸ್ಕ್ಯಾನ್ ಡಾಕ್ಟ್ರು:

ನಾನು ರೇಡಿಯಾಲಜಿಸ್ಟ್, ದಿನಾ ಇದೇ ಕೆಲಸ. ಅಮ್ಮನ್ನ ನೋಡ್ದೆ ಇದೇ ಕಾಯಿಲೆ ಅಂತ ಹೇಳೋಕೆ ಬರಲ್ಲ, ಆದ್ರೆ ರಿಪೋರ್ಟಲ್ಲಿರೋ ಎರಡು ನಂಬರ್ ಹೆಂಗೆ ಹುಟ್ತವೆ ಅಂತ ಹೇಳ್ಬಹುದು. ಅದು ಗೊತ್ತಾದ್ರೆ ನಿಮ್ಮ ಡಾಕ್ಟ್ರ ಹತ್ರ ಏನು ಕೇಳ್ಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಮೊದಲು ಪಿವಿಆರ್. ಹೋಗಿ ಬಂದ್ಮೇಲೆ ಮೂತ್ರಚೀಲದಲ್ಲಿ, ಅಂದ್ರೆ ಬ್ಲಾಡರಲ್ಲಿ, ಎಷ್ಟು ಮೂತ್ರ ಉಳಿದಿದೆ ಅನ್ನೋದು. ನಾವು ಸ್ಕ್ರೀನ್ ಮೇಲೆ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಲ್ಲಿ ಅಳೆದು ಗುಣಿಸಿ, ಅದನ್ನ 0.52 ಇಂದ ಮತ್ತೆ ಗುಣಿಸ್ತೀವಿ. ಚೀಲ ಮೊಟ್ಟೆ ಆಕಾರದಲ್ಲಿದೆ ಅಂತ ಅಂದ್ಕೊಂಡು ಮಾಡೋ ಲೆಕ್ಕ ಇದು, ಖಾಲಿ ಆಗ್ತಾ ಆಗ್ತಾ ಅದು ಮೊಟ್ಟೆ ಥರ ಇರಲ್ಲ, ಚಪ್ಪಟೆ ಆಗುತ್ತೆ. ಉದಾಹರಣೆಗೆ 7, 6, 6.4 ಅಂತ ಅಳೆದ್ರೆ 140 ಬರುತ್ತೆ, ಮೂರನ್ನೂ ಅರ್ಧರ್ಧ ಸೆಂಟಿಮೀಟರ್ ಕಮ್ಮಿ ಹಿಡಿದ್ರೆ 110. ಹಾಗಾಗಿ ಅದನ್ನ ಅಂದಾಜು ಅಂತಲೇ ತಗೋಬೇಕು, ಲ್ಯಾಬಲ್ಲಿ ಶುಗರ್ ಅಳೆದಂಗಲ್ಲ.

ಇನ್ನು ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಮಾಮೂಲಿ ಹೊತ್ತಲ್ಲಿ ಕಿಡ್ನಿ ನಿಮಿಷಕ್ಕೆ ಒಂದೆರಡು ಎಂಎಲ್ ಮೂತ್ರ ಮಾಡುತ್ತೆ, ಆದ್ರೆ ಒಂದು ಲೀಟರ್ ನೀರು ಒಂದೇ ಸಲ ಕುಡಿದ್ಮೇಲೆ ನಿಮಿಷಕ್ಕೆ ಹತ್ತು ಎಂಎಲ್‌ವರೆಗೂ ಹೋಗ್ಬಹುದು. ಅಂದ್ರೆ ಬಾತ್ರೂಮಿಂದ ಬಂದು ಹತ್ತು ನಿಮಿಷ ಬೆಂಚ್ ಮೇಲೆ ಕೂತ್ರೆ ಹೊಸದಾಗೇ ನೂರು ಎಂಎಲ್ ಬಂದು ಕೂತಿರುತ್ತೆ, ನಾವು ಅದನ್ನ ಉಳಿದಿದ್ದು ಅಂತ ಬರೀತೀವಿ. ಅತಿಯಾಗಿ ತುಂಬಿ ಹಿಗ್ಗಿದ ಚೀಲದ ಸ್ನಾಯು ಆ ಹೊತ್ತಿಗೆ ಸರಿಯಾಗಿ ಹಿಂಡೋದೂ ಇಲ್ಲ. 300, 400 ಎಂಎಲ್ ತುಂಬಿದಾಗ, ಹೋಗ್ಬೇಕು ಅನ್ನೋ ಸಹಜ ಅವಸರ ಬಂದಾಗ ಹೋಗಿ, ಬಂದ ತಕ್ಷಣ ಮಲಗಿಸಿ ಅಳೆದ್ರೆ ಮಾತ್ರ ಆ ನಂಬರಿಗೆ ಬೆಲೆ. 50 ಒಳಗಿದ್ರೆ ಚಿಂತೆ ಇಲ್ಲ, ವಯಸ್ಸಾದವರಲ್ಲಿ 100 ತನಕ ಸಾಮಾನ್ಯವಾಗಿ ಒಪ್ಕೋತೀವಿ, 200 ದಾಟಿದ್ರೆ ಚೀಲ ಸರಿಯಾಗಿ ಖಾಲಿ ಆಗ್ತಿಲ್ಲ ಅಂತಲೇ. 140 ಮಧ್ಯದ್ದು. ಒಂದೇ ಸಲದ್ದು ನೋಡಿ ತೀರ್ಮಾನ ಮಾಡ್ಬಾರ್ದು, ಮತ್ತೆ ಅಳೀಬೇಕು.

ವಾಲ್ ದಪ್ಪದ ವಿಷಯ. ಚೀಲ ಚೆನ್ನಾಗಿ ತುಂಬಿದ್ದಾಗ ಗೋಡೆ 3 ಎಂಎಂ ಒಳಗಿರ್ಬೇಕು, ಖಾಲಿ ಇದ್ದಾಗ 5 ಎಂಎಂ ತನಕ ಇರ್ಬಹುದು, ಬಲೂನಿನ ರಬ್ಬರ್ ಥರ. ಅಮ್ಮಂದು 5.4 ಅಂತ ಅಳೆದಿದ್ದು ತುಂಬಿದ್ದಾಗಲೋ ಖಾಲಿ ಆದ್ಮೇಲೋ ನೋಡಿ, ಖಾಲಿ ಆದ್ಮೇಲೆ ಅಳೆದಿದ್ರೆ ಅದು ಹೆಚ್ಚುಕಮ್ಮಿ ನಾರ್ಮಲ್ ಪಕ್ಕದಲ್ಲೇ ಇದೆ. ಗೋಡೆ ದಪ್ಪ ಕಂಡ್ರೆ "ಸಿಸ್ಟೈಟಿಸ್ ಇರಬಹುದು" ಅಂತ ಬರೆಯೋದು ನಮ್ಮವರಿಗೆ ರೂಢಿ ಆಗ್ಬಿಟ್ಟಿದೆ, ಇದನ್ನ ನಾನು ಒಪ್ಪಲ್ಲ. ಇನ್ಫೆಕ್ಷನ್ ಇದೆಯಾ ಇಲ್ವಾ ಅಂತ ಹೇಳ್ಬೇಕಾದ್ದು ಯೂರಿನ್ ಟೆಸ್ಟು ಮತ್ತು ಕಲ್ಚರ್. ಆ ಒಂದು ಸಾಲು ಓದಿ ಎಷ್ಟೋ ಹೆಂಗಸರಿಗೆ ಬೇಡದ ಆಂಟಿಬಯಾಟಿಕ್ ಹೋಗುತ್ತೆ. ಕಲ್ಚರ್ ಕ್ಲೀನ್ ಇದ್ರೆ, ಸ್ಕ್ಯಾನಲ್ಲಿ ಸಿಸ್ಟೈಟಿಸ್ ಅಂತಿದೆ ಅನ್ನೋ ಒಂದೇ ಕಾರಣಕ್ಕೆ ಇನ್ನೊಂದು ಕೋರ್ಸ್ ಶುರು ಮಾಡ್ಬೇಡಿ, ಡಾಕ್ಟ್ರ ಹತ್ರ ಮಾತಾಡಿ.

ಒಳಗಿಂದ, ಅಂದ್ರೆ ಯೋನಿಯೊಳಗೆ ಸ್ಕ್ಯಾನ್ ಕಡ್ಡಿ (ಪ್ರೋಬ್) ಇಟ್ಟು ಮಾಡೋ ಸ್ಕ್ಯಾನ್ ಪಿವಿಆರ್ ಅಳೆಯೋಕೆ ಬೇಕಾಗಿಲ್ಲ, ಹೊಟ್ಟೆ ಮೇಲಿಂದಾನೇ ಸಾಕು. ಗರ್ಭಕೋಶ, ಅಂಡಾಶಯ, ಮೂತ್ರನಾಳದ ಪಕ್ಕದಲ್ಲಿ ಚೀಲದ ಥರ ಏನಾದ್ರೂ ಇದೆಯಾ ಅಂತ ಹತ್ತಿರದಿಂದ ನೋಡ್ಬೇಕು ಅಂದಾಗ ಅದು ಉಪಯೋಗ, ಅದನ್ನ ಖಾಲಿ ಚೀಲದಲ್ಲಿ ಮಾಡ್ತೀವಿ, ನೀರು ಕುಡಿದು ಕಾಯೋ ಹಿಂಸೆ ಇಲ್ಲ. ಅಮ್ಮ ಬೇಡ ಅಂದ್ರೆ ಬೇಡ, ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಮಾಡೋದೇ ಆದ್ರೆ ಲೇಡಿ ಡಾಕ್ಟ್ರು ಇರೋ ಕಡೆ ಹೋಗಿ, ಇಲ್ಲಾಂದ್ರೆ ನೀವು ಪಕ್ಕದಲ್ಲೇ ನಿಂತಿರ್ತೀನಿ ಅಂತ ಹೇಳಿ.

ಧಾರವಾಡದಾಕಿ:

ನಾ ಫಿಸಿಯೋಥೆರಪಿ ಮಾಡ್ತೀನ್ರಿ, ಹೆಣ್ಮಕ್ಕಳ ಇದೇ ತ್ರಾಸಿಗೆ ಸಂಬಂಧಪಟ್ಟ ಕೆಲಸ. ಡಾಕ್ಟ್ರು ಹೇಳಿದ್ದಕ್ಕ ಒಂದ್ ಮಾತು ಸೇರಸ್ತೀನಿ. ಸ್ಕ್ಯಾನಿಂಗ್ ಸೆಂಟರಿನ ಬಾತ್ರೂಮ್ ಹೊಲಸ ಇರ್ತದ ಅಂತ ನಮ್ಮ ಹೆಣ್ಮಕ್ಕಳು ಕಮೋಡ್ ಮ್ಯಾಲ ಕುಂದರಂಗಿಲ್ಲ, ಸೀರಿ ಎತ್ತಿ ಹಿಡಕೊಂಡು ಅರ್ಧ ಬಗ್ಗಿ ನಿಂತ ಮುಗಸ್ತಾರ. ಹಂಗ ನಿಂತಾಗ ತೊಡಿ, ಸೊಂಟ, ಕೆಳಗಿನ ಸ್ನಾಯು ಎಲ್ಲಾ ಬಿಗೀ ಆಗಿರ್ತಾವ, ಪೂರ್ತಿ ಖಾಲಿ ಆಗೂದೇ ಇಲ್ಲ. ಹೊರಗ ಇನ್ನೊಬ್ಬರು ಬಾಗಿಲಾ ಬಡೀತಿರ್ತಾರ, ಅದೊಂದು ಅವಸರ. ಆಮ್ಯಾಲ ರಿಪೋರ್ಟಿನ್ಯಾಗ ನೂರೈವತ್ತ ಉಳದೈತಿ ಅಂತ ಬರ್ತದ. ಅವ್ವಾರಿಗೆ ಆ ದಿನ ಹೆಂಗ ಕುಂತಿದ್ರು ಅಂತ ಕೇಳ್ರಿ, ನಾಚಿಕಿ ಬ್ಯಾಡ.

ಮತ್ತೊಂದು ಏನಂದ್ರ, ಸೋರೂದು ಎರಡು ನಮೂನಿ ಇರ್ತದ. ಕೆಮ್ಮಿದಾಗ, ಸೀನಿದಾಗ, ಕೊಡಾ ಎತ್ತಿದಾಗ ಸೋರೂದು ಒಂದು. ಅವಸರ ಬಂದು ತಡಕೊಳ್ಳಾಕ ಆಗಲಾರದ ಸೋರೂದು ಇನ್ನೊಂದು. ಹೊಟ್ಟಿ ಸ್ಕ್ಯಾನ್ ಈ ಎರಡರಾಗ ಯಾವುದು ಅಂತ ಹೇಳಂಗಿಲ್ರಿ. ಅದಕ್ಕ ಮೂರು ದಿನದ ಡೈರಿ ಬರೀಬೇಕು, ಎಷ್ಟೊತ್ತಿಗೆ ಎಷ್ಟು ಕುಡದ್ರು, ಎಷ್ಟೊತ್ತಿಗೆ ಎಷ್ಟು ಹೋತು, ಯಾವಾಗ ಸೋರ್ತು, ಒಂದು ಹಳೇ ಅಳತಿ ಲೋಟಾ ಇಟಗೊಂಡ್ರ ಸಾಕು, ಖರ್ಚಿಲ್ಲ. ಈ ಡೈರಿ ತಗೊಂಡ ಹೋದ್ರ ಡಾಕ್ಟರಿಗೆ ಸ್ಕ್ಯಾನಿಗಿಂತಾ ಹೆಚ್ಚು ತಿಳೀತದ.

ಸ್ಕ್ಯಾನ್ ನಮಗೂ ಉಪಯೋಗ ಐತಿ ಬಿಡ್ರಿ. ಸೋರೂದಕ್ಕ ಕೆಳಗಿನ ಸ್ನಾಯುವಿನ ವ್ಯಾಯಾಮ ಕಲಸೂ ಮುಂದ ಕೆಳಗಿಂದ ಮ್ಯಾಲಕ್ಕ ಎಳಕೋರಿ ಅಂದ್ರ ಭಾಳ ಮಂದಿ ಉಲ್ಟಾ ಕೆಳಗ ಮುಕ್ಕರಸ್ತಾರ. ಹೊಟ್ಟಿ ಮ್ಯಾಲ ಪ್ರೋಬ್ ಇಟ್ಟು ಸ್ಕ್ರೀನ್ ತೋರಸಿದ್ರ, ಸರಿಯಾಗಿ ಎಳಕೊಂಡಾಗ ಚೀಲದ ತಳಾ ಮ್ಯಾಲ ಏಳೂದು ಅವರ ಕಣ್ಣಿಗೇ ಕಾಣ್ತದ. ಕಂಡ ಮ್ಯಾಲ ಲಗೂನ ಕಲೀತಾರ. ಒಂದ್ ಸಲಕ್ಕ ಎಂಟು, ದಿನಕ್ಕ ಮೂರು ಸಲ, ಕಮ್ಮೀತಕಮ್ಮಿ ಮೂರು ತಿಂಗಳು ಮಾಡ್ಬೇಕ್ರಿ. ಆದ್ರ ಅವ್ವಾರಿಗೆ ಪೂರ್ತಿ ಖಾಲಿ ಆಗವಲ್ದು ಅನ್ನೂದು ಮೊದ್ಲು ಬಗೀಹರೀಲಿ, ಆಮ್ಯಾಲ ವ್ಯಾಯಾಮ.

ಬೇಲೂರಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದಿ ಕಣ್ಣಲ್ಲಿ ನೀರು ಬಂತು ನಿಜವಾಗ್ಲೂ. ಅಮ್ಮನ್ನ ಕೇಳ್ದೆ. ಲೀಟರ್ ಬಾಟಲಿ ಪೂರ್ತಿ ಕುಡಿದು ಒಂದೂವರೆ ಗಂಟೆ ಕೂತಿದ್ರಂತೆ, ಹೋಗಿ ಬಂದ್ಮೇಲೆ ಇನ್ನಿಬ್ರನ್ನ ಒಳಗೆ ಕರೆದು ಆಮೇಲೆ ಇವರನ್ನ ಕರೆದ್ರಂತೆ. ಬಾತ್ರೂಮಲ್ಲಿ ಕೂತ್ಕೊಳ್ಳೋ ಹಂಗಿರ್ಲಿಲ್ಲ ಅಂದ್ರು, ಧಾರವಾಡದ ಮೇಡಂ ಹೇಳ್ದಂಗೇ.

ಮಾತ್ರೆಗಳದ್ದು ಹೇಳೋದು ಮರೆತೆ. ಶುಗರ್‌ಗೆ ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್, ಅದನ್ನ ರಾತ್ರಿ ಊಟ ಆದ್ಮೇಲೆ ತಗೋತಾರೆ. ಕಾಲು ಉರಿಗೆ ಪ್ರಿಗಾಬಲಿನ್ ಮತ್ತೆ ನಾರ್ಟ್ರಿಪ್ಟಿಲಿನ್ ಸೇರಿರೋ ಮಾತ್ರೆ. ಮಲಬದ್ಧತೆ ಇದೆ. ಇನ್ನೊಂದು, ಬಗ್ಗಿ ಮನೆ ಒರೆಸಿದ ದಿನ ಸಂಜೆ ಕೆಳಗೆ ಏನೋ ಜಾರಿ ಬಂದಂಗೆ ಆಗುತ್ತಂತೆ, ಇದನ್ನ ಈಗ ಹೇಳ್ತಿದಾರೆ. ಡಾಕ್ಟ್ರು ಮುಂದಿನ ಸಲ ಬನ್ನಿ, ಅವಸರ ಕಮ್ಮಿ ಆಗೋಕೆ ಸಾಲಿಫೆನಸಿನ್ ಶುರು ಮಾಡೋಣ ಅಂದಿದಾರೆ.

ದಾವಣಗೆರೆ ಸ್ಕ್ಯಾನ್ ಡಾಕ್ಟ್ರು:

ಇದು ಮೊದಲೇ ಹೇಳಿದ್ರೆ ನನ್ನ ಅರ್ಧ ಟೈಪಿಂಗ್ ಉಳೀತಿತ್ತು, ಪರವಾಗಿಲ್ಲ ಬೇರೆಯವರಿಗೂ ಆಗುತ್ತೆ. ನಾರ್ಟ್ರಿಪ್ಟಿಲಿನ್ ಮೂತ್ರಚೀಲ ಹಿಂಡೋ ಶಕ್ತಿ ಕಮ್ಮಿ ಮಾಡ್ಬಹುದು, ಮಲಬದ್ಧತೇನೂ ತರುತ್ತೆ, ಮಲಬದ್ಧತೆಯಿಂದ ಚೀಲ ಖಾಲಿ ಆಗೋದು ಇನ್ನೂ ಕಷ್ಟ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಜೊತೆಗೆ ನೀರೂ ಹೋಗುತ್ತೆ, ರಾತ್ರಿ ತಗೊಂಡ್ರೆ ರಾತ್ರಿ ಎಬ್ಬಿಸದೇ ಇರುತ್ತಾ. ಬೆಳಿಗ್ಗೆಗೆ ಬದಲಾಯಿಸ್ಬಹುದಾ ಅಂತ ಕೇಳಿ. ಯಾವ ಮಾತ್ರೆನೂ ನೀವೇ ನಿಲ್ಲಿಸ್ಬೇಡಿ, ಚೀಟಿ ಪೂರ್ತಿ ತಗೊಂಡು ಹೋಗಿ ತೋರಿಸಿ. ತುಂಬಾ ಸಲ ಶುಗರ್ ಡಾಕ್ಟ್ರು ಒಂದು, ನರದ ಡಾಕ್ಟ್ರು ಒಂದು ಬರೆದಿರ್ತಾರೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲ್ಲ.

ಸಾಲಿಫೆನಸಿನ್ ಕೂಡ ಚೀಲದ ಸ್ನಾಯುವನ್ನ ಸಡಿಲ ಮಾಡೋ ಔಷಧಿ. ಅವಸರಕ್ಕೆ ಒಳ್ಳೇದೇ, ಆದ್ರೆ ನಿಜವಾಗ್ಲೂ ಮೂತ್ರ ಉಳೀತಿದ್ರೆ ಅದು ಇನ್ನಷ್ಟು ಉಳಿಯೋ ಹಾಗೆ ಮಾಡ್ಬಹುದು, ಮಲಬದ್ಧತೇನೂ ಜಾಸ್ತಿ ಮಾಡುತ್ತೆ. ಸ್ಕ್ಯಾನ್ ಅಂದ್ರೆ ಇಂಥ ಜಾಗದಲ್ಲಿ ಬೆಲೆ ಬರೋದು ನೋಡಿ, ಮಾತ್ರೆ ಶುರು ಮಾಡೋ ಮುಂಚೆ ಸರಿಯಾದ ಪಿವಿಆರ್ ಒಂದು ಕೈಯಲ್ಲಿರ್ಬೇಕು. ಶುಗರ್ ಹಳೇದಾದವರಲ್ಲಿ ಚೀಲದ ನರ ಮಂಕಾಗಿ ತುಂಬಿದ್ದೇ ಗೊತ್ತಾಗಲ್ಲ, ತುಂಬಿ ತುಳುಕಿ ಸೋರುತ್ತೆ, ಹೊರಗಿಂದ ನೋಡಿದ್ರೆ ಅವಸರದ ಸೋರಿಕೆ ಥರಾನೇ ಕಾಣುತ್ತೆ. ಎರಡಕ್ಕೂ ಔಷಧಿ ಉಲ್ಟಾ.

ಕೆಳಗೆ ಜಾರಿದಂಗೆ ಅನ್ಸೋದನ್ನ ಲೇಡಿ ಡಾಕ್ಟ್ರು ಮಲಗಿಸಿ, ಮುಕ್ಕಿಸಿ, ಕೆಮ್ಮಿಸಿ ಪರೀಕ್ಷೆ ಮಾಡ್ಬೇಕು. ಮಲಗಿಸಿ ಮಾಡೋ ಹೊಟ್ಟೆ ಸ್ಕ್ಯಾನಲ್ಲಿ ಅದು ಗೊತ್ತಾಗೋದು ಕಷ್ಟ, ಅದಕ್ಕೇ ರಿಪೋರ್ಟಲ್ಲಿ ಗರ್ಭಕೋಶ ನಾರ್ಮಲ್ ಅಂತ ಬಂದಿರೋದು. ಚೀಲ ಮುಂದಕ್ಕೆ ಜಾರಿದ್ರೆ ನಾಳ ಬಾಗಿ ಮೂತ್ರ ಉಳೀಬಹುದು. ಪ್ರೋಬನ್ನ ಹೊರಗಡೆ ಇಟ್ಟೇ, ಒಳಗೆ ಹಾಕ್ದೆ ನೋಡೋ ಸ್ಕ್ಯಾನ್ ಒಂದಿದೆ, ಟ್ರಾನ್ಸ್‌ಪೆರಿನಿಯಲ್ ಅಂತಾರೆ, ಮುಕ್ಕಿದಾಗ ಚೀಲದ ಕತ್ತು ಎಷ್ಟು ಇಳಿಯುತ್ತೆ, ಹೆರಿಗೆಯಲ್ಲಿ ಸ್ನಾಯು ಹರಿದಿದೆಯಾ ಅಂತೆಲ್ಲ ಕಾಣುತ್ತೆ. ಎಲ್ಲಾ ಕಡೆ ಮಾಡಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ.

ಬರ್ಮಿಂಗ್‌ಹ್ಯಾಮ್ ಕನ್ನಡತಿ:

ನಾನು ಮಂಡ್ಯ ಕಡೆಯವಳು, ಇಲ್ಲಿ ಇಂಗ್ಲೆಂಡಲ್ಲಿ ನರ್ಸ್. ಗೋಡೆ ದಪ್ಪದ ವಿಷಯ ಬಂತಲ್ಲ, ಅದಕ್ಕೆ ಹೇಳ್ತೀನಿ. ಗೋಡೆ 5 ಎಂಎಂಗಿಂತ ದಪ್ಪ ಇದ್ರೆ ಚೀಲದ ಸ್ನಾಯು ತನ್ನಷ್ಟಕ್ಕೆ ತಾನೇ ಹಿಂಡ್ತಾ ಇದೆ, ಅಂದ್ರೆ ಓವರ್ ಆಕ್ಟಿವ್ ಬ್ಲಾಡರ್ ಅಂತ ಒಳಗಿನ ಸ್ಕ್ಯಾನಲ್ಲೇ ಹೇಳ್ಬಿಡ್ಬಹುದು ಅನ್ನೋ ಆಸೆ ಒಂದು ಕಾಲದಲ್ಲಿ ತುಂಬ ಇತ್ತು. ಯಾಕಂದ್ರೆ ಅದನ್ನ ಖಚಿತವಾಗಿ ಹೇಳೋ ಯೂರೋಡೈನಮಿಕ್ಸ್ ಪರೀಕ್ಷೆಯಲ್ಲಿ ಸಣ್ಣ ಪೈಪ್ ಹಾಕಿ ಚೀಲಕ್ಕೆ ನೀರು ತುಂಬಿಸಿ ಒತ್ತಡ ಅಳೀತಾರೆ, ಹೆಂಗಸರಿಗೆ ಮುಜುಗರ, ಆಮೇಲೆ ಸ್ವಲ್ಪ ಉರಿ, ಕೆಲವರಿಗೆ ಇನ್ಫೆಕ್ಷನ್. ಅದನ್ನ ತಪ್ಪಿಸ್ಬಹುದಾ ಅಂತ ಇಲ್ಲಿ 22 ಆಸ್ಪತ್ರೆಗಳಲ್ಲಿ 687 ಹೆಂಗಸರನ್ನ ಸೇರಿಸಿ ದೊಡ್ಡ ಅಧ್ಯಯನ ಮಾಡಿದ್ರು, 2016 ರಲ್ಲಿ ಪ್ರಕಟ ಆಯ್ತು. ಪ್ರತಿಯೊಬ್ಬರಿಗೂ ಸ್ಕ್ಯಾನೂ ಮಾಡಿ ಯೂರೋಡೈನಮಿಕ್ಸೂ ಮಾಡಿ ತಾಳೆ ನೋಡಿದ್ರು. 5 ಎಂಎಂ ಗಡಿ ಇಟ್ಕೊಂಡ್ರೆ, ನಿಜವಾಗಿ ಸಮಸ್ಯೆ ಇದ್ದವರಲ್ಲಿ ನೂರಕ್ಕೆ 43 ಜನರನ್ನ ಮಾತ್ರ ಸ್ಕ್ಯಾನ್ ಹಿಡೀತು, ಇಲ್ಲದವರಲ್ಲಿ ನೂರಕ್ಕೆ 62 ಜನರನ್ನಷ್ಟೇ ಇಲ್ಲ ಅಂತ ಸರಿಯಾಗಿ ಹೇಳ್ತು. ಅಂದ್ರೆ ಗೋಡೆ ದಪ್ಪ ನೋಡಿ ಹೇಳೋದು ನಂಬೋಕಾಗಲ್ಲ ಅಂತ ತೀರ್ಮಾನ. ಎಷ್ಟೋ ಜನ ಒಳ್ಳೇ ಸುದ್ದಿಗೆ ಕಾಯ್ತಿದ್ರು, ಆದ್ರೂ ಬಂದ ಉತ್ತರ ಹಂಗೇ ಹೇಳಿದ್ರಲ್ಲ, ಅದು ನಂಗೆ ತುಂಬ ಹಿಡಿಸ್ತು. ನಿಮ್ಮಮ್ಮನ 5.4 ಬಗ್ಗೆ ತಲೆ ಕೆಡಿಸ್ಕೊಂಡು ನಿದ್ದೆ ಬಿಡ್ಬೇಡಿ ಅಂತ ಇಷ್ಟೆಲ್ಲ ಬರೆದೆ.

ಪಿವಿಆರ್ ಮಾತ್ರ ಇಲ್ಲೂ ಸ್ಕ್ಯಾನಲ್ಲೇ. ಪದೇ ಪದೇ ಇನ್ಫೆಕ್ಷನ್ ಆಗೋರಿಗೆ, ಖಾಲಿ ಆಗ್ತಿಲ್ಲ ಅನ್ನೋರಿಗೆ ಪೈಪ್ ಹಾಕಿ ಅಳೆಯೋ ಬದಲು ಸ್ಕ್ಯಾನಿಂದ ಅಳೀರಿ ಅಂತ ಇಲ್ಲಿನ ಗೈಡ್‌ಲೈನೇ ಇದೆ. ನರ್ಸ್‌ಗಳಾದ ನಮ್ಮ ಹತ್ರ ಸಣ್ಣ ಬ್ಲಾಡರ್ ಸ್ಕ್ಯಾನರ್ ಇರುತ್ತೆ, ಬಾತ್ರೂಮಿಂದ ಬಂದವರನ್ನ ಹಾಸಿಗೆ ಮೇಲೆ ಮಲಗಿಸಿ ಆಗಲೇ ನೋಡ್ಬಿಡ್ತೀವಿ, ಕ್ಯೂ ಇಲ್ಲ. ಅದೂ ಒಂದೊಂದ್ಸಲ ಅಂಡಾಶಯದ ನೀರುಗುಳ್ಳೆಯನ್ನೇ ಮೂತ್ರ ಅಂತ ಲೆಕ್ಕ ಹಾಕ್ಬಿಡುತ್ತೆ, ನಂಬರ್ ವಿಚಿತ್ರವಾಗಿ ಬಂದ್ರೆ ದೊಡ್ಡ ಮಷೀನಿಗೆ ಕಳಿಸ್ತೀವಿ. ನಮ್ಮ ಇಂಡಿಯಾದಲ್ಲಿ ಭ್ರೂಣಲಿಂಗ ಪತ್ತೆ ತಡೆಯೋ 1994 ರ ಕಾಯ್ದೆಯಿಂದ ಸ್ಕ್ಯಾನಿಂಗ್ ಮಷೀನ್ ರಿಜಿಸ್ಟರ್ ಆದ ಜಾಗ ಬಿಟ್ಟು ಆಚೆ ಈಚೆ ಒಯ್ಯೋಕೆ ಕಟ್ಟುನಿಟ್ಟು, ಅದು ಹೆಣ್ಣುಮಗುವಿನ ಜೀವಕ್ಕೋಸ್ಕರ ಬೇಕಾದ್ದೇ.

ಗೃಹಿಣಿ ತುಮಕೂರು:

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂಗೆ 61, ಹೋದ ತಿಂಗಳು ಒಂದ್ಸಲ ಮೂತ್ರ ಕೆಂಪಗೆ ಹೋಯ್ತು, ನೋವು ಉರಿ ಏನೂ ಇಲ್ಲ, ಆಮೇಲೆ ತಾನೇ ನಿಂತೋಯ್ತು. ಸ್ಕ್ಯಾನಿಂಗ್ ನಾರ್ಮಲ್ ಬಂತು. ಬಿಟ್ಬಿಡ್ಬಹುದಾ?

ದಾವಣಗೆರೆ ಸ್ಕ್ಯಾನ್ ಡಾಕ್ಟ್ರು:

ಅಮ್ಮಾ ಬಿಡ್ಬೇಡಿ. ನೋವಿಲ್ಲದೆ ರಕ್ತ ಹೋಗಿದೆ, ಈ ವಯಸ್ಸಲ್ಲಿ ಒಂದೇ ಸಲ ಆದ್ರೂ ಯೂರಾಲಜಿಸ್ಟ್ ಹತ್ರ ಹೋಗಲೇಬೇಕು. ಸ್ಕ್ಯಾನಲ್ಲಿ ದೊಡ್ಡ ಗಡ್ಡೆ ಕಾಣುತ್ತೆ, ಕೆಲವೇ ಮಿಲಿಮೀಟರ್ ಇರೋದು, ಗೋಡೆಗೆ ಅಂಟ್ಕೊಂಡು ಚಪ್ಪಟೆಯಾಗಿ ಬೆಳೆಯೋದು ತಪ್ಪಿಸ್ಕೋಬಹುದು. ಅವರು ಸಿಸ್ಟೋಸ್ಕೋಪಿ ಅಂತ ಸಣ್ಣ ಕ್ಯಾಮೆರಾ ಹಾಕಿ ನೋಡ್ತಾರೆ, ಜೆಲ್ಲಿ ಹಚ್ಚಿ ಮಾಡ್ತಾರೆ, ಕೆಲವೇ ನಿಮಿಷ. ಹೆಚ್ಚಿನವರಿಗೆ ಏನೂ ಇರಲ್ಲ, ಇದ್ರೆ ಬೇಗ ಸಿಕ್ಕಷ್ಟು ಒಳ್ಳೇದು. ಈ ವಾರವೇ ಹೋಗಿ.

ಬೇಲೂರಿನವಳು:

ಎಲ್ಲರಿಗೂ ಅಪ್ಡೇಟ್ ಕೊಡ್ತೀನಿ ಅಂದ್ಕೊಂಡಿದ್ದೆ. ಹಾಸನದಲ್ಲಿ ಬೇರೆ ಕಡೆ ಬೆಳಿಗ್ಗೆ ಮೊದಲ ಸರದಿಗೆ ಹೋದ್ವಿ, ಎರಡು ಲೋಟ ನೀರಷ್ಟೇ, ಸಹಜವಾಗಿ ಅವಸರ ಬಂದಾಗ ಹೋಗಿ ಬಂದ ತಕ್ಷಣ ನೋಡಿದ್ರು, ಕೂತ್ಕೊಳ್ಳೋಕೆ ಬಾತ್ರೂಮ್ ಚೆನ್ನಾಗಿತ್ತು. ಈ ಸಲ 85. ಗೋಡೆ ತುಂಬಿದ್ದಾಗ 3 ಎಂಎಂ ಅಂತೆ. ಲೇಡಿ ಡಾಕ್ಟ್ರು ಪರೀಕ್ಷೆ ಮಾಡಿ ಯೋನಿಯ ಮುಂದಿನ ಗೋಡೆ ಸ್ವಲ್ಪ ಜಾರಿದೆ ಅಂದ್ರು, ಆಪರೇಷನ್ ಈಗ ಬೇಡ, ಜಾರದಂಗೆ ತಡೆಯೋಕೆ ಒಳಗೆ ರಿಂಗ್ ಹಾಕಿ ನೋಡ್ಬಹುದು ಅಂದಿದಾರೆ. ಕಾಲು ಉರಿ ಮಾತ್ರೆ ಬದಲಾಯಿಸಿದ್ರು, ಶುಗರ್ ಮಾತ್ರೆ ಬೆಳಿಗ್ಗೆಗೆ ಹಾಕಿದ್ರು. ರಾತ್ರಿ ಏಳೋದು ಕಮ್ಮಿ ಆಗಿದೆ, ಅವಸರ ಇನ್ನೂ ಇದೆ, ಸಾಲಿಫೆನಸಿನ್ ಬದಲು ಮಿರಾಬೆಗ್ರಾನ್ ಅನ್ನೋ ಬೇರೆ ಮಾತ್ರೆ ಯೋಚನೆ ಮಾಡೋಣ ಅಂದಿದಾರೆ. ರಿಂಗ್ ಅಂದ್ರೆ ಅಮ್ಮಂಗೆ ಭಯ, ಅದು ನೋಯುತ್ತಾ?

ಧಾರವಾಡದಾಕಿ:

ಸರಿಯಾದ ಅಳತಿದು ಹಾಕಿದ್ರ ನೋಯಂಗಿಲ್ರಿ, ಇದ್ದದ್ದ ಗೊತ್ತಾಗಂಗಿಲ್ಲ. ಮೆತ್ತಗಿನ ಸಿಲಿಕಾನಿಂದು ಇರ್ತದ. ಹಾಕಿದ ಮ್ಯಾಲ ಅಲ್ಲೇ ಸ್ವಲ್ಪ ಅಡ್ಡಾಡಿ, ಕೆಮ್ಮಿ, ಒಂದಕ್ಕ ಹೋಗಿ ಬಂದು ಆರಾಮ ಅನಸಿದ್ರ ಅಷ್ಟ ಮನಿಗೆ ಬರ್ರಿ, ಒತ್ತಿದಂಗ ಆದ್ರ ಬ್ಯಾರೆ ಅಳತಿದು ಕೇಳ್ರಿ. ರಿಂಗ್ ಹಾಕಿದ ಮ್ಯಾಲ ಇನ್ನೊಂದ್ ಸಲ ಉಳದಿದ್ದು ಅಳದು ನೋಡ್ರಿ ಅಂತ ಡಾಕ್ಟರಿಗೆ ಹೇಳ್ರಿ, ಭಾಳ ಮಂದಿಗೆ ಕಮ್ಮಿ ಆಗಿರ್ತದ. ಮಿರಾಬೆಗ್ರಾನ್ ಶುರು ಮಾಡಿದ್ರ ಬಿಪಿ ನೋಡಕೋತ ಇರ್ರಿ. ಅವ್ವಾರ ಮೂರು ದಿನದ ಡೈರಿ ಬರದಾರೇನು? ಬರದಿದ್ರ ಅದರ ಫೋಟೋ ಹಾಕ್ರಿ, ಹೆಸರು ಮುಚ್ಚಿ, ನೋಡಿ ಹೇಳ್ತೀನಿ.